‘ದ ರೆಡ್‌ಬ್ರೆಸ್ಟ್’ ಓದುತ್ತಿರುವ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾರ್ವೆಯ ಕಾದಂಬರಿಕಾರ ಯೂ ನೆಸ್ಬೊ ಅವರ ‘ದ ರೆಡ್‌ಬ್ರೆಸ್ಟ್’ ಗೋಜಲಾಗುತ್ತಿದೆ, ಯುದ್ಧದ ಅಧ್ಯಾಯಗಳನ್ನು ಹಾರಿಸಿ ಓದಲೇ ಎಂದು ಕೇಳಿದ್ದೀಯ. ಹಾರಿಸಬೇಡ ಕಣೇ. ಆಸ್ಲೋದಲ್ಲಿ 1999-2000ರಲ್ಲಿ ಆಗುವ ಕೊಲೆಗಳ ಬೇರಿರುವುದೇ 1942ರಲ್ಲಿ ರಷ್ಯಾದ ಲೆನಿನ್‌ಗ್ರಾಡ್ ಬಳಿ ಜರ್ಮನರ ಪರ ಹೋರಾಡಿದ ನಾರ್ವೆಯವರ ಕಂದಕದಲ್ಲಿ. ಅದನ್ನು ಬಿಟ್ಟರೆ ಪೊಲೀಸ್ ಪತ್ತೇದಾರ ಹ್ಯಾರಿ ಹೂಲೆ ಯಾರ ಬೆನ್ನು ಹತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ.

ಮೊದಲ ಪುಟದಿಂದ ಮತ್ತೆ ಶುರು ಮಾಡು. ಒಂದು ಹಾಳೆ ಮಡಚಿ ಎಡಕ್ಕೆ ಯುದ್ಧಕಾಲ, ಬಲಕ್ಕೆ ಈಚಿನ ಕಾಲ ಎಂದು ಬರೆದಿಟ್ಟುಕೋ. ಅಧ್ಯಾಯದ ತಲೆಯಲ್ಲಿ ಊರು, ತಾರೀಖು ಇರುತ್ತವೆ. ಅವನ್ನು ಗುರುತು ಹಾಕಿಕೊಂಡೇ ಮುಂದಕ್ಕೆ ಹೋಗು. ಹೆಚ್ಚಿನವರು ಎಡವುವುದು ಹೆಸರುಗಳಲ್ಲಿ. ಡೇನಿಯಲ್ ಗುಡೆಸನ್, ಗುಡ್‌ಬ್ರಾಂಡ್ ಯೊಹಾನ್ಸನ್ ಇಬ್ಬರೂ ಒಂದೇ ಕಂದಕದವರು. ‘ಗುಡ್’ ಎನ್ನುವುದು ಒಬ್ಬನಿಗೆ ಮನೆತನದ ಹೆಸರಿನಲ್ಲಿ ಬರುತ್ತದೆ, ಇನ್ನೊಬ್ಬನಿಗೆ ಸ್ವಂತ ಹೆಸರಿನಲ್ಲಿ. ಇಲ್ಲಿ ಒಮ್ಮೆ ಕಲಸಿಹೋದರೆ ಕೊನೆಯವರೆಗೂ ಬಿಡಿಸಲಾಗದು. ಈಚಿನ ಕಾಲದಲ್ಲಿ ಯಾರಾದರೂ ಮುದುಕರು ಕಾಣಿಸಿಕೊಂಡರೆ, 1942ರಲ್ಲಿ ಅವರಿಗೆಷ್ಟು ವಯಸ್ಸು, ಎಲ್ಲಿದ್ದರು ಎಂದು ಎಡಗಡೆ ಬರೆ. ಆ ಜಾಗ ಖಾಲಿ ಉಳಿದವರ ಮೇಲೆ ಕಣ್ಣಿಡು.

ಚರಿತ್ರೆ ಇಷ್ಟು ತಿಳಿದಿರಲಿ. ಜರ್ಮನರು ನಾರ್ವೆಗೆ ನುಗ್ಗಿದ್ದು 1940ರ ಏಪ್ರಿಲ್ 9. ದೊರೆ ಹೋಕನ್ ಮತ್ತು ಸರ್ಕಾರ ಟ್ರೋಮ್ಸೊದಿಂದ ಲಂಡನ್ನಿಗೆ ಹೊರಟದ್ದು ಜೂನ್ 7. ಈ ಎರಡನೆಯ ತಾರೀಖಿಗೆ ಅಡಿಗೆರೆ ಹಾಕು; ‘ದೊರೆಯೇ ಬಿಟ್ಟು ಹೋದ’ ಎಂಬ ಸಿಟ್ಟು ಕಾದಂಬರಿಯ ಒಳಗೆಲ್ಲ ಉರಿಯುತ್ತದೆ. 1941ರಲ್ಲಿ ಜರ್ಮನರ ದಂಡಿಗೆ ಸೇರಿದ ನಾರ್ವೆಯ ಹುಡುಗರಿಗೆ ಫಿನ್‌ಲ್ಯಾಂಡ್ ಕಡೆ ಹೋರಾಡುತ್ತೀರಿ ಎಂದು ಹೇಳಿ, ಕಳಿಸಿದ್ದು ಲೆನಿನ್‌ಗ್ರಾಡಿಗೆ. ಯುದ್ಧ ಮುಗಿದ ಮೇಲೆ ದೇಶದ್ರೋಹದ ಆರೋಪದಲ್ಲಿ 90,000ಕ್ಕೂ ಹೆಚ್ಚು ಮಂದಿಯ ತನಿಖೆಯಾಯಿತು, ಜರ್ಮನರ ಕೈಗೊಂಬೆ ಸರ್ಕಾರ ನಡೆಸಿದ ಕ್ವಿಸ್ಲಿಂಗ್ ಸೇರಿ 25 ನಾರ್ವೇಜಿಯನ್ನರಿಗೆ ಮರಣದಂಡನೆಯಾಯಿತು.

ಇಲ್ಲಿ ನಮ್ಮವರು ಇನ್ನೊಂದು ತಪ್ಪು ಮಾಡುತ್ತಾರೆ. ಅದೇ 1945ರಲ್ಲಿ ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಂತ ಆಜಾದ್ ಹಿಂದ್ ಫೌಜಿನವರನ್ನು ನೆನೆದು, ನಾರ್ವೆಯ ಈ ಸೈನಿಕರನ್ನೂ ಅದೇ ತಕ್ಕಡಿಯಲ್ಲಿ ತೂಗಿಬಿಡುತ್ತಾರೆ. ಹಾಗೆ ತೂಗಬೇಡ. ಫೌಜಿನವರು ಎದ್ದದ್ದು ತಮ್ಮನ್ನು ಆಳುತ್ತಿದ್ದ ಪರಕೀಯರ ಮೇಲೆ; ಇವರು ಸೇರಿದ್ದು ತಮ್ಮ ನಾಡನ್ನೇ ನುಂಗಿದವರ ಸೈನ್ಯವನ್ನು. ಹಾಗೆಂದು ಕಂದಕದಲ್ಲಿ ಚಳಿಗೆ ಮರಗಟ್ಟಿ ಕೂತವರನ್ನು ಬರೀ ರಾಕ್ಷಸರೆಂದು ಓದಿದರೂ ಪುಸ್ತಕ ಕೈತಪ್ಪುತ್ತದೆ. ನೆಸ್ಬೊ ಅವರ ತಂದೆಯೇ ಲೆನಿನ್‌ಗ್ರಾಡ್ ಬಳಿ ಜರ್ಮನರ ಪರ ಹೋರಾಡಿದವರು, ತಾಯಿಯ ಮನೆಯವರು ಜರ್ಮನರ ವಿರುದ್ಧದ ಪ್ರತಿರೋಧದ ಕಡೆಯವರು. ಈ ಎರಡು ಕಡೆಯ ಎಳೆದಾಟ ಪುಟಪುಟದಲ್ಲೂ ಇದೆ. ನನಗೆ ಇದು ಬರೀ ಪತ್ತೇದಾರಿಗಿಂತ ದೊಡ್ಡದಾಗಿ ಕಾಣುವುದು ಅದಕ್ಕೇ.

ಒಂದು ಎಚ್ಚರ. ಹ್ಯಾರಿಯ ಸಹೋದ್ಯೋಗಿ ಎಲೆನ್‌ಳ ಎಳೆ ಈ ಪುಸ್ತಕದಲ್ಲಿ ಮುಗಿಯುವುದಿಲ್ಲ, ಮುಂದಿನ ಎರಡು ಪುಸ್ತಕಗಳಿಗೂ ಸಾಗುತ್ತದೆ. ಲೇಖಕರು ಮರೆತರು ಎಂದುಕೊಳ್ಳಬೇಡ. ನಾರ್ವೇಜಿಯನ್ ಮೂಲದಲ್ಲಿ ರೆಡ್‌ಬ್ರೆಸ್ಟ್ 2000ರಲ್ಲಿ, ‘ನೆಮೆಸಿಸ್’ 2002ರಲ್ಲಿ, ‘ದ ಡೆವಿಲ್ಸ್ ಸ್ಟಾರ್’ 2003ರಲ್ಲಿ ಬಂದವು. ಇಂಗ್ಲಿಷಿಗೆ ಮಾತ್ರ ಡೆವಿಲ್ಸ್ ಸ್ಟಾರೇ ಮೊದಲು, 2005ರಲ್ಲಿ ಬಂತು. ರೆಡ್‌ಬ್ರೆಸ್ಟ್ 2006ರಲ್ಲಿ, ನೆಮೆಸಿಸ್ 2008ರಲ್ಲಿ. ಅಂಗಡಿಯಲ್ಲಿ ಇಂಗ್ಲಿಷ್ ಮುದ್ರಣದ ವರ್ಷ ನೋಡಿ ಕೊಂಡರೆ ಗುಟ್ಟು ಮೊದಲೇ ಒಡೆದುಹೋಗುತ್ತದೆ. ಮೂಲದ ಕ್ರಮದಲ್ಲೇ ತರಿಸಿಕೋ.

ಇಂತಿ,
ನಿನ್ನ ಮಾವ