ಜಯಂತಿಗೆ ಹಾರ ಬೇಡ, ನಿಂಬೆಹಣ್ಣು ತನ್ನಿ

ಮಾನ್ಯರೇ,

ಮೂಢನಂಬಿಕೆಗಳನ್ನು ಪ್ರಶ್ನಿಸಿದ ಡಾ. ಎಚ್. ನರಸಿಂಹಯ್ಯ ಆಂಧ್ರದ ನಮ್ಮ ಮಡಕಶಿರಾ ಸೀಮೆಗೆ ದೂರದವರೇನಲ್ಲ. ಅವರ ಹೊಸೂರು ಗಡಿಯಾಚೆಯ ಗೌರಿಬಿದನೂರು ತಾಲ್ಲೂಕಿನದು. 1942ರಲ್ಲಿ ಓದು ಬಿಟ್ಟು ಚಳವಳಿಗಿಳಿದು ಜೈಲು ಸೇರಿದ ಈ ವಿದ್ಯಾರ್ಥಿ, 1946ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ವಾಸ ಮಾತ್ರ ಹಾಸ್ಟೆಲ್ ಕೋಣೆಯಲ್ಲೇ!

ಜೂನ್ 6ರ ಅವರ ಜಯಂತಿ ಇಲ್ಲಿ ಬೇಸಿಗೆ ರಜೆಯಲ್ಲೇ ಕಳೆದುಹೋಗುತ್ತದೆ. ಕನ್ನಡ ಶಾಲೆಗಳು ಬಾಗಿಲು ತೆರೆದ ವಾರವೇ ಅದನ್ನು ಆಚರಿಸಲಿ. ಭಾಷಣದ ಬದಲು, ಮಾಟದವರು ತೋರಿಸುವ ‘ನಿಂಬೆಹಣ್ಣಿನ ರಕ್ತ’ವನ್ನು ಮಕ್ಕಳ ಕೈಯಲ್ಲೇ ಮಾಡಿಸಲಿ. ಕೆಂಪು ದಾಸವಾಳದ ನಾಲ್ಕೈದು ಎಸಳನ್ನು ಚಾಕುವಿನ ಎರಡೂ ಬದಿಗೆ ಚೆನ್ನಾಗಿ ಉಜ್ಜಬೇಕು. ಅಲಗು ಕಪ್ಪುನೇರಳೆಯಾಗುತ್ತದೆ. ಹಣ್ಣು ಕೊಯ್ದರೆ ಹುಳಿ ತಗುಲಿ ರಸ ಕೆಂಪಾಗುತ್ತದೆ. ಒಣಗಿದ ಹಣ್ಣಾದರೆ ರಸವೇ ಬರುವುದಿಲ್ಲ. ಎಸಳು ಸರಿಯಾಗಿ ಉಜ್ಜದಿದ್ದರೆ ಬಣ್ಣ ಪೇಲವ. ಮಕ್ಕಳ ಕೈಗೆ ಮೊಂಡು ಚಾಕು ಕೊಡಿ, ಪಕ್ಕದಲ್ಲಿ ಮೇಷ್ಟ್ರಿರಲಿ.

ಖರ್ಚು ಒಂದು ನಿಂಬೆಹಣ್ಣಿನದು. ಅನುದಾನ ಬಂದಿಲ್ಲ ಎನ್ನುವ ನೆಪಕ್ಕೂ ಜಾಗವಿಲ್ಲ.

– ಗಡಿನಾಡ ಕನ್ನಡ ಶಾಲೆಗಳ ವಿಜ್ಞಾನ ಶಿಕ್ಷಕರು, ಮಡಕಶಿರಾ