ಸಾಮಾನು ಕೊಟ್ಟವರಿಗೆಲ್ಲ

ನಿನ್ನೆ ರಾತ್ರಿ 365ನೇ ಚಿತ್ರ ಮುಗಿಯಿತು. ದಿನಕ್ಕೊಂದು ಅಂಗೈಯಗಲದ ಕಾಗದ, ಅದರ ಮೇಲೆ ಯಾವುದಾದರೊಂದು ಸಾಮಾನು. ಇಷ್ಟೇ ಕೆಲಸ. ಆದರೂ ಒಂದು ವರ್ಷ ಬಿಡದೆ ಮಾಡಿದೆ ಅಂದ್ರೆ ನನಗೇ ನಂಬಿಕೆ ಬರುತ್ತಿಲ್ಲ.

ಶುರು ಮಾಡಿದ್ದು ಶೋಕಿಗಲ್ಲ. ಕಳೆದ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಒಂದೂವರೆ ತಿಂಗಳು ಪ್ಲಾಸ್ಟರ್. ಹೊರಗೆ ಮಡಿಕೇರಿಯ ಮಳೆ, ಒಳಗೆ ನಾನು, ಎದುರಿಗೆ ಆರಿಹೋದ ಕಾಫಿ ಲೋಟ. ಮಗಳ ಬಣ್ಣದ ಡಬ್ಬಿ ಕೈಗೆ ಸಿಕ್ಕಿತು, ಲೋಟವನ್ನೇ ಬರೆದೆ. ಪೂರ್ತಿ ಸೊಟ್ಟ. "ಅಮ್ಮಾ, ಇದಕ್ಕೂ ಪ್ಲಾಸ್ಟರ್ ಹಾಕ್ಬೇಕು" ಅಂದಳು ಮಗಳು. ಮೊದಲ ಥ್ಯಾಂಕ್ಸ್ ಅವಳಿಗೇ.

ನಲವತ್ತು ದಿನಕ್ಕೆ ನಮ್ಮ ಅಡುಗೆಮನೆ ಖಾಲಿಯಾಯಿತು. ಆಗ ಪಕ್ಕದ ಮನೆ ಅಕ್ಕ ಕಾಚಂಪುಳಿ ಬಾಟ್ಲಿ ತಂದಿಟ್ಟರು. ಹೊರಗಿನವರು ಉಪ್ಪಾಗೆ ಅಂತಾರಲ್ಲ, ಆ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿಸಿದ್ದು. ಕಪ್ಪು ತಾನೇ ಅಂತ ಕಪ್ಪು ಬಣ್ಣವನ್ನೇ ಬಳಿದೆ. ಗೋಡೆಗೆ ತೂತು ಕೊರೆದ ಹಾಗೆ ಕಂಡಿತು. ಎರಡನೇ ಸಲವೂ ಅದೇ. ಆಮೇಲೆ ಬಾಟ್ಲಿಯನ್ನು ಕಿಟಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ತೆಳ್ಳಗೆ ಕಂದು, ಬೆಲ್ಲದ ಪಾಕದ ಬಣ್ಣ! ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಬೆರೆಸಿದೆ, ಕತ್ತಿನ ಹತ್ತಿರ ಕಾಗದದ ಬಿಳಿಯನ್ನು ಕೂದಲೆಳೆಯಷ್ಟು ಹಾಗೇ ಬಿಟ್ಟೆ. ಗಾಜು ಹೊಳೆಯಿತು. ಅಕ್ಕ ನೋಡಿ, "ಇದು ನಮ್ಮನೇದೇ" ಅಂದರು. ಇಡೀ ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಬಹುಮಾನ ಅದು.

ಆಮೇಲೆ ಸಾಮಾನು ತಾವಾಗೇ ಬರತೊಡಗಿದವು. ತೋಟದ ಲೆಕ್ಕ ಬರೆಯುವ ರೈಟರ್ ಹಳೇ ಟಾರ್ಚ್ ಕಳಿಸಿದರು. ಕೆಳಗಿನ ಮನೆ ಅಜ್ಜಿ ಎಲೆ ಅಡಿಕೆ ಡಬ್ಬಿಯನ್ನೇ ಕೊಟ್ಟುಬಿಟ್ಟರು. ಶುಕ್ರವಾರದ ಸಂತೆಯಲ್ಲಿ ಕಿತ್ತಳೆ ಮಾರುವವರು ಎರಡು ಎಲೆ ಸಮೇತ ಒಂದು ಹಣ್ಣು ಆರಿಸಿ ಕೊಟ್ಟು, ದುಡ್ಡು ಬೇಡವೆಂದರು. ನಮ್ಮ ಕೊಡಗಿನ ಕಿತ್ತಳೆಯೇ, ಹಸಿರು ಹಳದಿ ಸಿಪ್ಪೆಯದ್ದು. ಬರೀ ಕೇಸರಿ ಬಳಿದರೆ ಅದು ಬೇರೆ ಊರಿನದಾಗಿಬಿಡುತ್ತದೆ.

ಮಳೆಗಾಲದಲ್ಲಿ ಜಲವರ್ಣ ಒಣಗುವುದೇ ಇಲ್ಲ. ನಮ್ಮವರು ದಿನಾ ರಾತ್ರಿ ಕಾಗದವನ್ನು ಒಲೆ ಮೇಲೆ ಹಿಡಿದು ನಿಂತರು. ಒಂದರ ಮೂಲೆ ಸುಟ್ಟಿತು, ಅದಕ್ಕೆ ಇಬ್ಬರೂ ಎರಡು ದಿನ ಮಾತಾಡಲಿಲ್ಲ. ಅದನ್ನು ಈಗ ಮರೆತಿದ್ದೇನೆ ರೀ.

ಬೆಂಗಳೂರಿನ ಗೆಳತಿ ಇಟಲಿಯ ಜಾರ್ಜಿಯೊ ಮೊರಾಂಡಿಯ ಚಿತ್ರಗಳನ್ನು ಕಳಿಸಿದಳು. ಬೊಲೋನ್ಯಾದ ಮನೆಯಲ್ಲಿ ಕೂತು, ಅವೇ ಬಾಟ್ಲಿ ಹೂಜಿಗಳ ಜಾಗ ಬದಲಿಸುತ್ತಾ, 1964ರಲ್ಲಿ ತೀರಿಕೊಳ್ಳುವವರೆಗೂ ಬರೆದವರು. ಅವುಗಳ ಮೇಲಿನ ಧೂಳನ್ನೂ ಒರೆಸುತ್ತಿರಲಿಲ್ಲವಂತೆ. ಈ ಮಾತನ್ನು ಮನೆಯಲ್ಲಿ ಆಗಾಗ ಬಳಸಿಕೊಂಡಿದ್ದೇನೆ.

ವಾಪಸ್ ಕೊಡಬೇಕಾದ ಸಾಮಾನು ಇನ್ನೂ ಐದಾರು ಇವೆ. ಅಜ್ಜೀ, ನಿಮ್ಮ ಡಬ್ಬಿಯ ಸುಣ್ಣ ಒಣಗಿ ಕಲ್ಲಾಗಿದೆ. ಶುಕ್ರವಾರ ಸಂತೆಯಿಂದ ಹೊಸ ಸುಣ್ಣ ಹಿಡಿದುಕೊಂಡೇ ಬರ್ತೀನಿ. ರೈಟರೇ, ಟಾರ್ಚ್‌ಗೆ ಸೆಲ್ ಹಾಕಿಟ್ಟಿದ್ದೇನೆ. ಅಕ್ಕಾ, ನಿಮ್ಮ ಬಾಟ್ಲಿ ಮಾತ್ರ ಬರುತ್ತದೆ. ಒಳಗಿದ್ದದ್ದು ಪಂದಿ ಕರಿಗೆ ಹೋಯಿತು.