ಜಡ್ಡಿಗೆ ಇಳಿಯುವ ಮುಂಚೆ, ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಎಂಎಸ್ಸಿ ಮುಗಿಸಿದ ಕೂಡಲೇ ಅಪರೂಪದ ಸಸ್ಯಗಳ ಸಂರಕ್ಷಣೆಯ ತರಬೇತಿ ಸಿಕ್ಕಿದೆ, ಅದೂ ಉತ್ತರ ಕನ್ನಡದ ಸಿದ್ದಾಪುರ ಕಡೆಯ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ಕಾಡು ಜಾಯಿಕಾಯಿ ಮರಗಳು ಬೆಳೆಯುವ ಕಾಡಿನ ಜೌಗು ನೆಲದಲ್ಲಿ. ಖುಷಿಯಾಯಿತು. ಡಿಎನ್‌ಎ ಕೆಲಸ ಯಾವಾಗ ಕಲಿಸುತ್ತಾರೋ ಅನ್ನುವ ಆತುರ ನಿನಗೆ. ಅದನ್ನೂ ಕಲಿಯುವೆಯಂತೆ. ಮೊದಲ ವರ್ಷ ಬೀಜ ಮತ್ತು ಲೇಬಲ್, ಈ ಎರಡನ್ನು ಗಟ್ಟಿಯಾಗಿ ಹಿಡಿ. ಈ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಅಲ್ಲಿಯ ಕತ್ತಲೆಕಾನು ಎಂಬ ಕಾಡಿನ ಹೆಸರನ್ನೇ ಹೊತ್ತ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಗೊತ್ತಲ್ಲ, 2000ದಲ್ಲಿ ಹೊಸ ಪ್ರಭೇದವೆಂದು ದಾಖಲಾದ, ಗೇರಿನ ಕುಟುಂಬದ ಮರ. ಇದರಲ್ಲೂ ರಾಂಪತ್ರೆ ಜಾತಿಗಳಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯದು. ಆದ್ದರಿಂದ ಕಂಡ ಮರಗಳನ್ನೆಲ್ಲ ಒಂದೇ ಮೊತ್ತವಾಗಿ ಬರೆಯಬೇಡ. ಗಂಡು, ಹೆಣ್ಣು, ಹೂ ಕಾಣದ್ದು, ಸಸಿ ಎಂದು ನಾಲ್ಕು ಕಾಲಂ ಇರಲಿ. ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಲೆಕ್ಕದಲ್ಲಿ ನಿಲ್ಲುವುದು ಹೂ ಕಾಯಿ ಬಿಡಬಲ್ಲ ಮರಗಳು ಮಾತ್ರ. ಅವು 50ಕ್ಕಿಂತ ಕಡಿಮೆಯಾದರೆ ಆ ಒಂದೇ ಕಾರಣಕ್ಕೆ ಪ್ರಭೇದ ಅತಿ ಗಂಭೀರ ಅಪಾಯದ ದರ್ಜೆಗೆ ಸೇರುತ್ತದೆ. ಸಸಿಗಳನ್ನು ಕೂಡಿಸಿ ಸಂಖ್ಯೆ ಉಬ್ಬಿಸಿದರೆ ಮರಕ್ಕೇ ನಷ್ಟ.

ಸುತ್ತಳತೆ ತೆಗೆಯುವುದು 1.3 ಮೀಟರ್ ಎತ್ತರದಲ್ಲಿ. ಜಡ್ಡಿಯ ಮರಗಳಿಗೆ ಕಾಂಡದಿಂದಲೇ ಆಸರೆ ಬೇರು ಇಳಿದಿರುತ್ತದೆ, ಅಲ್ಲಿ ಮೇಲಿನ ಬೇರಿಗಿಂತ ಅರ್ಧ ಮೀಟರ್ ಮೇಲೆ ಅಳೆದು, ಅಳೆದ ಎತ್ತರವನ್ನೂ ಬರೆ. ಬರೆಯದಿದ್ದರೆ ಮುಂದಿನ ವರ್ಷ ಬಂದವನು ಬೇರೆಡೆ ಟೇಪ್ ಹಿಡಿಯುತ್ತಾನೆ, ಮರ ಸಣ್ಣದಾದಂತೆ ಕಾಣುತ್ತದೆ! ನಂಬರಿನ ತಗಡಿಗೆ ಹೊಡೆವ ಮೊಳೆ ಸ್ವಲ್ಪ ಹೊರಗೇ ಇರಲಿ, ಕಾಂಡ ದಪ್ಪವಾಗುತ್ತಾ ತಗಡನ್ನು ನುಂಗಿಬಿಡುತ್ತದೆ. ದಟ್ಟ ಕಾಡಿನಡಿ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು. ಹಳ್ಳದಿಂದ ಎಷ್ಟು ದೂರ, ಯಾವ ದಿಕ್ಕು ಎಂಬುದೂ ಪುಸ್ತಕದಲ್ಲಿರಲಿ.

ಇನ್ನು ಬೀಜ. ರಾಂಪತ್ರೆ ಜಾತಿಯ ಬೀಜ ಒಣಗಿದರೆ ಸತ್ತಿತು. ಭತ್ತದ ಹಾಗೆ ಒಣಗಿಸಿ ಬೀಜ ಬ್ಯಾಂಕಿನಲ್ಲಿ ಇಡಲಾಗದು. ಫ್ರಿಜ್ಜಿನ ಚಳಿಯೂ ಆಗದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಬೀಜಕ್ಕೆ ಉಸಿರಿಲ್ಲ, ಒಳಗೆ ಬೆವರಿ ಬೂಷ್ಟು ಬರುತ್ತದೆ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವದ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿ ನೆರಳಲ್ಲಿ ತಾ. ಜೀಪಿನ ಗಾಜಿನ ಬಳಿ ಇಟ್ಟು ಊಟಕ್ಕೆ ಹೋಗಬೇಡ. ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆ ಬಿಡಿಸಿ, ತೊಳೆದು, ಸಾಧ್ಯವಾದರೆ ಮರುದಿನವೇ ಶೇಡ್ ನೆಟ್ ಕೆಳಗಿನ ಮಡಿಯಲ್ಲಿ ಬಿತ್ತು. ಮೊಳಕೆಗೆ ವಾರಗಳಲ್ಲ, ತಿಂಗಳುಗಳೇ ಹಿಡಿದಾವು. ಬರಲಿಲ್ಲವೆಂದು ಮಡಿ ಕೆದಕಬೇಡ. ಸೆಮಿಕಾರ್ಪಸ್ ಕಾಯಿಯನ್ನಂತೂ ಕೈಗವಸಿಲ್ಲದೆ ಮುಟ್ಟಲೇಬೇಡ, ಸೊನೆ ತಾಗಿದಲ್ಲಿ ಬೊಬ್ಬೆ ಏಳುತ್ತದೆ.

ಬೀಜದಲ್ಲಿ ನೀರೆಷ್ಟಿದೆ ಎಂದು ಒಲೆಯಲ್ಲಿ ಒಣಗಿಸಿ ನೋಡುವ ತೇವಾಂಶ ಪರೀಕ್ಷೆಯನ್ನು (103 ಡಿಗ್ರಿ ಸೆಲ್ಸಿಯಸ್‌ನಲ್ಲಿ 17 ಗಂಟೆ) ಧಾರಾಳವಾಗಿ ಸಿಗುವ ಜಾತಿಯ ಬೀಜದಲ್ಲಿ ಕಲಿ. ಒಲೆಗೆ ಹೋದ ಬೀಜ ಮರಳದು. ಒಂದು ಮರದಲ್ಲಿ ಮಾಗಿದ್ದರಲ್ಲಿ ಐದನೇ ಒಂದಕ್ಕಿಂತ ಹೆಚ್ಚು ತೆಗೆಯಬೇಡ, ಮಂಗಟ್ಟೆ ಹಕ್ಕಿಗಳ ಪಾಲೂ ಅದರಲ್ಲಿದೆ.

ಪ್ರತಿ ತಾಯಿಮರದ ಬೀಜಕ್ಕೆ ಬೇರೆ ಚೀಲ, ಬೇರೆ ಮಡಿ. ಲೇಬಲ್ಲು ಪೆನ್ಸಿಲ್ಲಿನಲ್ಲಿ, ಒಂದು ಚೀಲದೊಳಗೆ, ಒಂದು ಹೊರಗೆ. ಮಲೆನಾಡಿನ ಮಳೆಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ. ತಾಯಿಮರ ಕಲೆಸಿಹೋದರೆ ಒಂದೇ ಮರದ ಮಕ್ಕಳನ್ನು ಜಡ್ಡಿಯ ತುಂಬ ನೆಟ್ಟರೂ ನಿನಗೆ ಗೊತ್ತಾಗದು. ಆಮೇಲೆ ಯಾವ ಡಿಎನ್‌ಎ ಪರೀಕ್ಷೆ ಮಾಡಿದರೂ ತಪ್ಪು ಕಂಡೀತು, ಅಳಿಸಲಾಗದು. ಅಂದಹಾಗೆ ಡಿಎನ್‌ಎಗೆ ಎಲೆ ತೆಗೆದರೆ ಬೇಗ ಒಣಗಲು ಒಂದು ಗ್ರಾಂ ಎಲೆಗೆ ಕನಿಷ್ಠ ಹತ್ತು ಗ್ರಾಂ ಸಿಲಿಕಾ ಜೆಲ್ ಹಾಕು.

ಅರಣ್ಯ ಇಲಾಖೆಯ ಅನುಮತಿ ಪತ್ರದ ಜೆರಾಕ್ಸ್ ಯಾವಾಗಲೂ ಚೀಲದಲ್ಲಿರಲಿ. ಅದರಲ್ಲಿ ಬೀಜ ಸಂಗ್ರಹ ಎಂಬ ಪದ ಇದೆಯೇ ಎಂದು ಹೊರಡುವ ಮುಂಚೆಯೇ ಓದಿ ನೋಡು.

ಇಂತಿ,
ನಿನ್ನ ಗೆಳೆಯ